ಎದ್ದು ನಿಂತಾಗ ಕಣ್ಣು ಕತ್ತಲೆ ಬರುವುದೇಕೆ? ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಆರನ್ನು ಆರಿಸಿಕೊಂಡಿದ್ದೇನೆ. ಒಬ್ಬೊಬ್ಬರು ಕೇಳಿರುವುದು ಒಂದೊಂದು ಅಂಗದ ಬಗ್ಗೆ. ಆದರೆ ಹೆಚ್ಚಿನವರ ಅಳುಕು ಒಂದೇ: ನನ್ನ ದೇಹದಲ್ಲಿ ಏನೋ ಕೆಟ್ಟಿದೆಯೇ? ವೈದ್ಯಕೀಯ ವಿದ್ಯಾರ್ಥಿಗಳಿಗೆ ಶರೀರಕ್ರಿಯಾಶಾಸ್ತ್ರ ಕಲಿಸುತ್ತ ನನಗೆ 22 ವರ್ಷವಾಯಿತು. ಮೊದಲ ತರಗತಿಯಲ್ಲೇ ಅವರಿಗೆ ಒಂದು ಮಾತು ಹೇಳುತ್ತೇನೆ. ದೇಹ ಹೀಗೇಕೆ ಮಾಡುತ್ತಿದೆ ಎಂದು ಕೇಳುವ ಮೊದಲು, ಅದು ಏನನ್ನು ಅಳೆದು ಹೀಗೆ ಮಾಡುತ್ತಿದೆ ಎಂದು ಕೇಳಿ. ಕೆಳಗಿನ ಉತ್ತರಗಳನ್ನೂ ಹಾಗೆಯೇ ಬರೆದಿದ್ದೇನೆ.

ಪ್ರಶ್ನೆ: ನನಗೆ 34 ವರ್ಷ. ಬಹಳ ಹೊತ್ತು ನೆಲದ ಮೇಲೆ ಕೂತಿದ್ದು ತಟ್ಟನೆ ಎದ್ದರೆ ಎರಡು ಹೆಜ್ಜೆ ಇಡುವಷ್ಟರಲ್ಲಿ ಕಣ್ಣು ಕತ್ತಲೆ ಬರುತ್ತದೆ. ಗೋಡೆ ಹಿಡಿದು ನಿಂತರೆ ಸರಿಹೋಗುತ್ತದೆ. ಬಿಪಿ ನೋಡಿಸಿದೆ, ಸರಿಯಾಗಿದೆ ಅಂದರು. ಹಾಗಾದರೆ ಇದು ಏನು?

ನಿಮ್ಮ ಬಿಪಿ ನೋಡಿದ್ದು ನೀವು ಕೂತಿದ್ದಾಗ. ತೊಂದರೆ ಇರುವುದು ಎದ್ದ ಮೇಲಿನ ಕೆಲವೇ ಸೆಕೆಂಡುಗಳಲ್ಲಿ. ಅಲ್ಲಿ ಆಗುವುದನ್ನು ನಿಧಾನವಾಗಿ ನೋಡೋಣ.

ನಮ್ಮ ಮೈಯಲ್ಲಿ ಇರುವ ಸುಮಾರು 5 ಲೀಟರ್ ರಕ್ತದಲ್ಲಿ ಮೂರನೇ ಎರಡು ಪಾಲು ಯಾವ ಹೊತ್ತಿಗೂ ಅಭಿಧಮನಿಗಳಲ್ಲೇ, ಅಂದರೆ ಹೃದಯಕ್ಕೆ ಹಿಂತಿರುಗುವ ದಾರಿಯಲ್ಲೇ ಇರುತ್ತದೆ. ಅಭಿಧಮನಿಯ ಗೋಡೆ ತೆಳು, ಸುಲಭವಾಗಿ ಹಿಗ್ಗುತ್ತದೆ. ನೀವು ಎದ್ದು ನಿಂತ ಕೂಡಲೇ ಅರ್ಧ ಲೀಟರಿಗೂ ಹೆಚ್ಚು ರಕ್ತ ಕಾಲು ಮತ್ತು ಹೊಟ್ಟೆಯ ಕೆಳಭಾಗದ ಅಭಿಧಮನಿಗಳಿಗೆ ಇಳಿದು ಅಲ್ಲೇ ತಂಗುತ್ತದೆ. ಹೃದಯಕ್ಕೆ ಬಂದು ಸೇರುವ ರಕ್ತ ಕಡಿಮೆಯಾಯಿತು. ಬಂದಷ್ಟನ್ನೇ ತಾನೇ ಹೃದಯ ಮುಂದಕ್ಕೆ ತಳ್ಳುವುದು? ಹಾಗಾಗಿ ರಕ್ತದೊತ್ತಡ ಇಳಿಯುತ್ತದೆ. ಸಾಲದ್ದಕ್ಕೆ ತಲೆ ಈಗ ಹೃದಯಕ್ಕಿಂತ ಒಂದಡಿಯಷ್ಟು ಮೇಲಿದೆ. ಅಷ್ಟು ಎತ್ತರಕ್ಕೆ ಏರುವುದರಲ್ಲೇ ರಕ್ತ 20 ಮಿಲಿಮೀಟರ್‌ಗೂ (ಬಿಪಿ ಅಳೆಯುವ ಪಾದರಸದ ಮಿಲಿಮೀಟರ್) ಹೆಚ್ಚು ಒತ್ತಡ ಕಳೆದುಕೊಳ್ಳುತ್ತದೆ.

ಇದನ್ನು ಮೊದಲು ಗುರುತಿಸುವುದು ನಿಮ್ಮ ಕುತ್ತಿಗೆ. ದವಡೆಯ ಮೂಲೆಯ ಕೆಳಗೆ ಬೆರಳಿಟ್ಟರೆ ನಾಡಿ ಸಿಗುತ್ತದಲ್ಲ, ಅಲ್ಲೇ ಹೃದಯದಿಂದ ತಲೆಗೆ ರಕ್ತ ಒಯ್ಯುವ ಅಪಧಮನಿ ಎರಡಾಗಿ ಕವಲೊಡೆಯುತ್ತದೆ. ಕವಲಿನ ಬುಡದ ಗೋಡೆಯಲ್ಲಿ ನರದ ತುದಿಗಳು ಹರಡಿಕೊಂಡಿವೆ. ಗೋಡೆ ಎಷ್ಟು ಹಿಗ್ಗಿದೆ ಎಂಬುದೇ ಅವುಗಳ ಅಳತೆ. ಒತ್ತಡ ಇಳಿದು ಗೋಡೆ ಸಡಿಲವಾದರೆ ಅಲ್ಲಿಂದ ಮೆದುಳಿನ ಬುಡಕ್ಕೆ ಹೋಗುವ ಸಂದೇಶಗಳು ವಿರಳವಾಗುತ್ತವೆ. ಮೆದುಳಿನ ಬುಡ ಆಗ ಎರಡು ಕೆಲಸ ಮಾಡುತ್ತದೆ. ಒಂದು, ಹೃದಯದ ಮೇಲೆ ವೇಗಸ್ ನರ ಹಾಕಿದ್ದ ಹಿಡಿತವನ್ನು ಸಡಿಲಿಸುತ್ತದೆ. ಒಂದೆರಡು ಬಡಿತದೊಳಗೆ ನಾಡಿ ಏರುತ್ತದೆ. ಇನ್ನೊಂದು, ರಕ್ತನಾಳಗಳನ್ನು ಬಿಗಿ ಮಾಡಿಸುತ್ತದೆ. ಇದು ನಿಧಾನದ ಕೆಲಸ, ಪೂರ್ತಿ ಬಿಗಿಯಾಗಲು ಹಲವು ಸೆಕೆಂಡು ಬೇಕು. ಆ ಸೆಕೆಂಡುಗಳೇ ನಿಮ್ಮ ಕತ್ತಲೆ. ಎದ್ದ ಕ್ಷಣದಲ್ಲೇ ಬಾರದೆ ಎರಡು ಹೆಜ್ಜೆ ಇಟ್ಟ ಮೇಲೆ ಬರುವುದಕ್ಕೂ ಇದೇ ಕಾರಣ.

ಪ್ರಜ್ಞೆ ಇದ್ದೂ ಕಣ್ಣು ಮಾತ್ರ ಕತ್ತಲಾಗುವುದೇಕೆ ಎಂಬುದು ನನಗೆ ಇದರಲ್ಲಿ ಬಹಳ ಇಷ್ಟವಾದ ಭಾಗ. ಕಣ್ಣುಗುಡ್ಡೆ ದ್ರವ ತುಂಬಿದ ಚೆಂಡು. ಅದರೊಳಗೇ 10ರಿಂದ 20 ಮಿಲಿಮೀಟರ್ ಒತ್ತಡ ಸದಾ ಇರುತ್ತದೆ. ಅಕ್ಷಿಪಟಲಕ್ಕೆ ಹೋಗುವ ರಕ್ತ ಅದನ್ನೂ ಮೀರಿ ಒಳನುಗ್ಗಬೇಕು. ಹೀಗಾಗಿ ಒತ್ತಡ ಕುಸಿದಾಗ ಮೆದುಳಿಗಿಂತ ಮೊದಲು ಸೋಲುವುದು ಕಣ್ಣು. ಕತ್ತಲೆ ಬಂದಾಗಲೇ ಗೋಡೆ ಹಿಡಿಯಬೇಕು ಅಥವಾ ಕೂತುಬಿಡಬೇಕು. ಮೆದುಳಿನ ಸರದಿ ಬರುವ ತನಕ ಕಾಯಬಾರದು.

ಕೆಳಗಿಳಿದ ರಕ್ತ ಮೇಲೆ ಹೇಗೆ ಬರುತ್ತದೆ ಎಂಬುದನ್ನು ನಿಮ್ಮ ಕೈಯ ಮೇಲೇ ನೋಡಬಹುದು. ಕೈಯನ್ನು ಒಂದು ನಿಮಿಷ ಕೆಳಗೆ ಜೋತುಬಿಡಿ. ಮುಂಗೈ ಮೇಲಿನ ಹಸಿರು ನರಗಳು, ಅಂದರೆ ಅಭಿಧಮನಿಗಳು ಉಬ್ಬುತ್ತವೆ. ಉಬ್ಬಿದ ಒಂದರ ಮೇಲೆ ಮಣಿಕಟ್ಟಿನ ಕಡೆಯ ತುದಿಯಲ್ಲಿ ಒಂದು ಬೆರಳನ್ನು ಒತ್ತಿ ಹಿಡಿಯಿರಿ. ಇನ್ನೊಂದು ಬೆರಳಿನಿಂದ ರಕ್ತವನ್ನು ಮೊಣಕೈಯತ್ತ ಸವರಿ ಆ ಬೆರಳನ್ನು ತೆಗೆಯಿರಿ. ನಡುವೆ ಕವಾಟವಿದ್ದರೆ, ಅದರ ಕೆಳಗಿನ ತುಂಡು ಚಪ್ಪಟೆಯಾಗಿಯೇ ಉಳಿಯುತ್ತದೆ, ಮೇಲಿನ ರಕ್ತ ಹಿಂದಕ್ಕೆ ಬರುವುದಿಲ್ಲ. ಈಗ ಕೆಳಗಿನ ಬೆರಳನ್ನೂ ಎತ್ತಿ, ತಟ್ಟನೆ ತುಂಬಿಕೊಳ್ಳುತ್ತದೆ. ವಿಲಿಯಂ ಹಾರ್ವೆ ರಕ್ತ ಸುತ್ತುತ್ತದೆ ಎಂದು ಸಾಧಿಸಲು 1628ರಲ್ಲಿ ಪ್ರಕಟಿಸಿದ ಸಾಕ್ಷ್ಯಗಳಲ್ಲಿ ಇದೂ ಒಂದು, ತೋಳಿಗೆ ಪಟ್ಟಿ ಬಿಗಿದು ಮಾಡಿದ್ದ. ಕಾಲಿನಲ್ಲೂ ಇಂಥವೇ ಕವಾಟಗಳಿವೆ. ಮೀನಖಂಡದ ಸ್ನಾಯು ಬಿಗಿದಾಗಲೆಲ್ಲ ನಡುವಿನ ಅಭಿಧಮನಿಯನ್ನು ಹಿಂಡುತ್ತದೆ, ಕವಾಟಗಳು ಇರುವುದರಿಂದ ರಕ್ತಕ್ಕೆ ಮೇಲಿನ ದಾರಿಯೊಂದೇ ಉಳಿಯುತ್ತದೆ.

ಹಾಗಾಗಿ ಏಳುವ ಮೊದಲು ಪಾದಗಳನ್ನು ಹತ್ತಾರು ಸಲ ಮೇಲೆ ಕೆಳಗೆ ಆಡಿಸಿ. ಎದ್ದ ಮೇಲೆ ಕಾಲುಗಳನ್ನು ಒಂದಕ್ಕೊಂದು ಅಡ್ಡವಿಟ್ಟು ತೊಡೆ ಬಿಗಿಹಿಡಿದು ನಿಂತರೂ ಸರಿಯೇ. ನೀರು ಸಾಕಷ್ಟು ಕುಡಿಯದಿದ್ದ ದಿನ, ಭೇದಿ ಅಥವಾ ಜ್ವರ ಬಂದ ದಿನ ಇದು ಹೆಚ್ಚಾಗುವುದು ಸಹಜ. ನಿಂತ 3 ನಿಮಿಷದೊಳಗೆ ಮೇಲಿನ ಬಿಪಿ 20 ಅಥವಾ ಕೆಳಗಿನದು 10 ಇಳಿದು ಹಾಗೇ ಉಳಿದರೆ ಅದನ್ನು ವೈದ್ಯರು ಬೇರೆಯಾಗಿ ವಿಚಾರಿಸುತ್ತಾರೆ. ಆದ್ದರಿಂದ ಮುಂದಿನ ಸಲ ಮಲಗಿದ್ದಾಗ ಒಮ್ಮೆ, ನಿಂತ ಮೇಲೆ ಒಮ್ಮೆ ನೋಡಲು ಹೇಳಿ. ನಿಜವಾಗಿಯೂ ಪ್ರಜ್ಞೆ ತಪ್ಪಿ ಬಿದ್ದಿದ್ದರೆ, ಎದೆ ಡವಗುಟ್ಟಿದ್ದರೆ ಅಥವಾ ಬಿಪಿ ಮಾತ್ರೆ ನುಂಗುತ್ತಿದ್ದರೆ ತಡಮಾಡಬೇಡಿ.

ಪ್ರಶ್ನೆ: ನಾನು ಒಂಬತ್ತನೇ ತರಗತಿ. ಹೃದಯ ಹುಟ್ಟಿದಾಗಿನಿಂದ ನಿಲ್ಲದೆ ಬಡಿಯುತ್ತದೆ ಅಂತಾರೆ. ಅದಕ್ಕೆ ವಿಶ್ರಾಂತಿಯೇ ಇಲ್ಲವೇ?

ಇದೆ ಮರಿ, ಪ್ರತಿ ಬಡಿತಕ್ಕೂ ಇದೆ. ನಿಮಿಷಕ್ಕೆ 75 ಸಲ ಬಡಿಯುವ ಹೃದಯ ಒಂದು ಸುತ್ತಿಗೆ 0.8 ಸೆಕೆಂಡು ತೆಗೆದುಕೊಳ್ಳುತ್ತದೆ. ಅದರಲ್ಲಿ ಕೆಳಕೋಣೆಗಳು ಹಿಂಡುವುದು ಸುಮಾರು 0.3 ಸೆಕೆಂಡು, ಉಳಿದ 0.5 ಸೆಕೆಂಡು ಸಡಿಲವಾಗಿ ತುಂಬಿಕೊಳ್ಳುತ್ತವೆ. ಕೂಡಿಸಿ ನೋಡು: 24 ಗಂಟೆಯಲ್ಲಿ ಅದು ಬಿಡುವಾಗಿರುವುದು 15 ಗಂಟೆ. ಹೃದಯದ ಎಡಗೋಡೆಗೆ ತನ್ನದೇ ರಕ್ತ ಸಿಗುವುದೂ ಹೆಚ್ಚಾಗಿ ಈ ಬಿಡುವಿನಲ್ಲೇ. ಹಿಂಡುವಾಗ ಗೋಡೆಯೊಳಗಿನ ನಾಳಗಳೂ ಹಿಂಡಿಹೋಗಿರುತ್ತವೆ. ಓಡುವಾಗ ಬಡಿತ ಹೆಚ್ಚಿದರೆ ಮೊಟಕಾಗುವುದು ಮುಖ್ಯವಾಗಿ ಈ ಬಿಡುವೇ. ಹೃದಯದ ರಕ್ತನಾಳ ಕಿರಿದಾದವರಿಗೆ ಮೆಟ್ಟಿಲು ಹತ್ತಿದಾಗ ಎದೆನೋವು ಬರುವುದಕ್ಕೆ ಅದೂ ಒಂದು ಕಾರಣ.

ಪ್ರಶ್ನೆ: ಉಸಿರು ಬಿಗಿಹಿಡಿದರೆ ಸ್ವಲ್ಪ ಹೊತ್ತಿಗೆ ತಡೆಯಲಾಗದ ಸಂಕಟವಾಗುತ್ತದೆ. ಅದು ಆಮ್ಲಜನಕ ಮುಗಿಯುತ್ತ ಬಂದಿದ್ದಕ್ಕೋ? ನನ್ನ ಗೆಳೆಯ ಈಜುಕೊಳದಲ್ಲಿ ಮುಳುಗುವ ಮೊದಲು ಇಪ್ಪತ್ತು ಸಲ ಜೋರಾಗಿ ಉಸಿರಾಡಿಕೊಳ್ಳುತ್ತಾನೆ. ಆಗ ಆಮ್ಲಜನಕ ಜಾಸ್ತಿ ತುಂಬಿಕೊಂಡು ಹೆಚ್ಚು ಹೊತ್ತು ಒಳಗಿರಬಹುದಂತೆ. ನಿಜವೇ?

ಮೊದಲು ನಿಮ್ಮ ಗೆಳೆಯನಿಗೆ ಈ ಅಭ್ಯಾಸ ಬಿಡಲು ಹೇಳಿ. ಇವತ್ತೇ ಹೇಳಿ. ಕಾರಣ ಆಮೇಲೆ ವಿವರಿಸಿದರೂ ಆಗುತ್ತದೆ.

ಕಾರಣ ಇದು. ಸಂಕಟ ಹುಟ್ಟಿಸುವುದು ಮುಖ್ಯವಾಗಿ ಆಮ್ಲಜನಕದ ಕೊರತೆಯಲ್ಲ, ಇಂಗಾಲದ ಡೈಆಕ್ಸೈಡ್‌ನ ಏರಿಕೆ. ಅಪಧಮನಿಯ ರಕ್ತದಲ್ಲಿ ಇದರ ಒತ್ತಡ ಸುಮಾರು 40 ಮಿಲಿಮೀಟರ್. ಉಸಿರು ಕಟ್ಟಿದರೆ ಅದು ಏರುತ್ತ ಹೋಗುತ್ತದೆ. ಇಂಗಾಲದ ಡೈಆಕ್ಸೈಡ್ ರಕ್ತದಿಂದ ಮೆದುಳಿನ ಸುತ್ತಲಿನ ದ್ರವಕ್ಕೆ ಸಲೀಸಾಗಿ ನುಸುಳಿ ಅಲ್ಲಿ ಆಮ್ಲತೆ ಹೆಚ್ಚಿಸುತ್ತದೆ. ಮೆದುಳಿನ ಬುಡದಲ್ಲಿರುವ ಕೆಲವು ಜೀವಕೋಶಗಳು ಅಳೆಯುವುದು ಆ ಆಮ್ಲತೆಯನ್ನು. ಕೆಲವೇ ಮಿಲಿಮೀಟರ್ ಏರಿದರೂ ಸಾಕು, ಉಸಿರಾಡು ಎಂಬ ಒತ್ತಾಯ ಬಲವಾಗುತ್ತದೆ. ನಮ್ಮ ಉಸಿರನ್ನು ನಿಮಿಷ ನಿಮಿಷಕ್ಕೂ ನಡೆಸುವುದು ಈ ಅನಿಲವೇ ಎಂದು ಜಾನ್ ಹಾಲ್ಡೇನ್ ಮತ್ತು ಪ್ರೀಸ್ಟ್ಲಿ 1905ರಲ್ಲಿ ತೋರಿಸಿಕೊಟ್ಟರು.

ಆಮ್ಲಜನಕವನ್ನು ಅಳೆಯುವವರೇ ಇಲ್ಲ ಎಂದಲ್ಲ. ಕುತ್ತಿಗೆಯ ಅದೇ ಕವಲಿನ ಹತ್ತಿರ ಕೆಲವೇ ಮಿಲಿಮೀಟರ್ ಗಾತ್ರದ ಒಂದು ಪುಟ್ಟ ಗಂಟಿದೆ, ಅದು ಆಮ್ಲಜನಕ ನೋಡುತ್ತದೆ. ಅಲ್ಲಿನ ಅಳತೆಗೂ ಉಸಿರಿಗೂ ಇರುವ ನಂಟನ್ನು ಕಂಡುಹಿಡಿದದ್ದಕ್ಕೆ ಕಾರ್ನೀಲ್ ಹೇಮನ್ಸ್‌ಗೆ 1938ರ ನೊಬೆಲ್ ಬಂತು. ಆದರೆ ಆಮ್ಲಜನಕದ ಒತ್ತಡ ಮಾಮೂಲಿ 95ರ ಆಸುಪಾಸಿನಿಂದ 60ಕ್ಕೆ ಇಳಿಯುವ ತನಕ ಆ ಗಂಟು ಹೆಚ್ಚು ಗದ್ದಲ ಮಾಡುವುದಿಲ್ಲ.

ಈಗ ಗೆಳೆಯನ ಲೆಕ್ಕ ನೋಡಿ. ಆರೋಗ್ಯವಂತರ ಅಪಧಮನಿಯಲ್ಲಿ ಹಿಮೋಗ್ಲೋಬಿನ್ ಮೊದಲೇ 97-98 ಶೇಕಡಾ ಆಮ್ಲಜನಕ ಹೊತ್ತಿರುತ್ತದೆ. ಇಪ್ಪತ್ತು ಸಲ ಜೋರಾಗಿ ಉಸಿರಾಡಿದರೂ ಅಲ್ಲಿ ಸೇರುವುದು ತೀರಾ ಅಲ್ಪ. ಆದರೆ ಇಂಗಾಲದ ಡೈಆಕ್ಸೈಡ್ ಮಾತ್ರ ಬಹಳ ಇಳಿದುಹೋಗುತ್ತದೆ. ಅಂದರೆ ಅವನು ಎಣ್ಣೆ ತುಂಬಿಸಿಕೊಂಡಿಲ್ಲ, ಎಣ್ಣೆ ಮುಗಿದಾಗ ಹೊತ್ತಿಕೊಳ್ಳುವ ಕೆಂಪು ದೀಪವನ್ನು ಕಿತ್ತುಹಾಕಿದ್ದಾನೆ. ನೀರಿನೊಳಗೆ ಆಮ್ಲಜನಕ ಎಂದಿನ ವೇಗದಲ್ಲೇ ಖರ್ಚಾಗುತ್ತದೆ. ಈಜುತ್ತಿದ್ದರೆ ಇನ್ನೂ ಬೇಗ. ಇಂಗಾಲದ ಡೈಆಕ್ಸೈಡ್ ತಳದಿಂದ ಏರಿ ಸಂಕಟದ ಮಟ್ಟ ಮುಟ್ಟುವುದರೊಳಗೆ ಮೆದುಳಿಗೆ ಆಮ್ಲಜನಕ ಸಾಲದೆ ಪ್ರಜ್ಞೆ ಹೋಗುತ್ತದೆ. ಒದ್ದಾಟವಿಲ್ಲ, ಕೂಗಿಲ್ಲ. ದಡದಲ್ಲಿದ್ದವರಿಗೆ ಅವನು ಹಾಯಾಗಿ ಮುಳುಗಿದ್ದಾನೆ ಎಂದೇ ಕಾಣುತ್ತದೆ. ಚೆನ್ನಾಗಿ ಈಜು ಬಲ್ಲವರೇ ಹೀಗೆ ಸತ್ತಿದ್ದಾರೆ.

ಒಂದು ಸೂಕ್ಷ್ಮವನ್ನೂ ಹೇಳಬೇಕು, ಇಲ್ಲದಿದ್ದರೆ ಉತ್ತರ ಅರ್ಧವಾಗುತ್ತದೆ. 1954ರಲ್ಲಿ ಫೌಲರ್ ಎಂಬ ವಿಜ್ಞಾನಿ ಉಸಿರು ಕಟ್ಟಿ ಇನ್ನು ಆಗುವುದಿಲ್ಲ ಎನ್ನುವ ಹಂತಕ್ಕೆ ಬಂದವರಿಗೆ ಒಂದು ಚೀಲದಿಂದ ಕೆಲವು ಉಸಿರು ಎಳೆದು ಬಿಡಲು ಕೊಟ್ಟ. ಚೀಲದಲ್ಲಿದ್ದುದು ಶುದ್ಧ ಗಾಳಿಯಲ್ಲ, ಅದರಿಂದ ರಕ್ತದ ಸ್ಥಿತಿ ಸುಧಾರಿಸುವಂತಿರಲಿಲ್ಲ. ಆದರೂ ಅವರಿಗೆ ಹಾಯೆನಿಸಿತು, ಮತ್ತೆ ಉಸಿರು ಕಟ್ಟಲು ಸಾಧ್ಯವಾಯಿತು. ಅಂದರೆ ಎದೆಯ ಮತ್ತು ಅದರ ಕೆಳಗಿನ ಉಸಿರಾಟದ ಸ್ನಾಯುವಾದ ವಪೆಯ ಚಲನೆ ನಿಂತಿರುವುದೂ ಸಂಕಟದ ಒಂದು ಪಾಲು. ಹಾಯೆನಿಸುವುದು ಒಂದು, ರಕ್ತದಲ್ಲಿ ಆಮ್ಲಜನಕ ಇರುವುದು ಇನ್ನೊಂದು. ನೀರಿನಲ್ಲಿ ಈ ಎರಡನ್ನು ಒಂದೇ ಎಂದುಕೊಳ್ಳುವುದೇ ಅಪಾಯ.

ಪ್ರಶ್ನೆ: ನಾಲ್ಕು ವರ್ಷದ ಮಗನಿಗೆ ಜ್ವರ. ಹಣೆ ಕಾದ ಬಾಣಲೆಯಂತಿದೆ, ಆದರೆ ಪಾದ ತಣ್ಣಗೆ, ಗಡಗಡ ನಡುಗುತ್ತಾನೆ. ಅತ್ತೆ ಹೊದಿಸು ಅಂತಾರೆ, ಯಜಮಾನರು ತಣ್ಣೀರು ಬಟ್ಟೆ ಹಾಕು ಅಂತಾರೆ. ಯಾರ ಮಾತು ಕೇಳಲಿ?

ಮಗು ನಡುಗುವ ಹೊತ್ತಿನಲ್ಲಿ ಅತ್ತೆಯವರ ಮಾತಿನಲ್ಲಿ ಹೆಚ್ಚು ನಿಜವಿದೆ. ಆದರೆ ಹೊದಿಕೆ ತೆಳುವಾಗಿರಲಿ.

ಮೆದುಳಿನ ಹೈಪೋಥಲಾಮಸ್ ಎಂಬ ಭಾಗ ಮೈಯ ಉಷ್ಣಾಂಶವನ್ನು ಒಂದು ಗುರಿಗೆ ಹೋಲಿಸುತ್ತಲೇ ಇರುತ್ತದೆ. ಎಂದಿನ ಗುರಿ 37 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು. ಸೋಂಕು ತಗುಲಿದಾಗ ರಕ್ಷಣಾ ಕೋಶಗಳು ಬಿಡುವ ರಾಸಾಯನಿಕಗಳಿಂದ ಅಲ್ಲಿ ಪ್ರೋಸ್ಟಗ್ಲ್ಯಾಂಡಿನ್ ಎಂಬ ವಸ್ತು ಉತ್ಪತ್ತಿಯಾಗಿ ಗುರಿ ಮೇಲೇರುತ್ತದೆ, 39.5 ಎನ್ನೋಣ. ಮಗನ ಮೈ ಈಗ 38 ಇದೆ. ನಿಮ್ಮ ಕೈಗೆ ಅದು ಸುಡುತ್ತದೆ, ಅವನ ಮೆದುಳಿಗೆ ಅದು ಒಂದೂವರೆ ಡಿಗ್ರಿ ಚಳಿ. ಹಾಗಾಗಿ ಚಳಿಗೆ ಮಾಡುವುದನ್ನೆಲ್ಲ ಮಾಡುತ್ತದೆ: ಚರ್ಮದ ರಕ್ತನಾಳಗಳನ್ನು ಮುಚ್ಚುತ್ತದೆ, ಅದರಿಂದಲೇ ಪಾದ ತಣ್ಣಗಾಗುವುದು. ಸ್ನಾಯುಗಳನ್ನು ನಡುಗಿಸಿ ಶಾಖ ಹುಟ್ಟಿಸುತ್ತದೆ. ಈ ಹೊತ್ತಿನಲ್ಲಿ ತಣ್ಣೀರು ಹಾಕಿದರೆ ನಡುಕ ಇನ್ನೂ ಜೋರಾಗುತ್ತದೆ, ಮಗು ಇನ್ನೂ ಬಳಲುತ್ತದೆ. ಗುರಿ ಮುಟ್ಟಿದ ಮೇಲೆ ನಡುಕ ನಿಲ್ಲುತ್ತದೆ, ಮುಖ ಕೆಂಪಗಾಗುತ್ತದೆ, ಆಗ ಹೊದಿಕೆ ತೆಗೆಯಿರಿ. ದಪ್ಪ ಕಂಬಳಿಯಲ್ಲಿ ಸುತ್ತಿಟ್ಟರೆ ಶಾಖ ಹೊರಹೋಗಲು ದಾರಿಯಿರುವುದಿಲ್ಲ.

ವೈದ್ಯರು ಹೇಳಿದ ಪ್ರಮಾಣದ ಪ್ಯಾರಸಿಟಮಾಲ್ ಮಾಡುವುದು ಆ ಗುರಿಯನ್ನು ಕೆಳಗಿಳಿಸುವ ಕೆಲಸ. ಸೋಂಕಿನ ಜೊತೆ ಅದಕ್ಕೆ ಯಾವ ಜಗಳವೂ ಇಲ್ಲ. ಗುರಿ 37ಕ್ಕೆ ಇಳಿಯಿತು, ಮೈ ಇನ್ನೂ 39 ಇದೆ, ಈಗ ಮೆದುಳಿಗೆ ಸೆಕೆ. ಅದಕ್ಕೇ ಮಾತ್ರೆಯ ನಂತರ ಬೆವರು ಕಿತ್ತು ಬರುವುದು. ಬಿಸಿಲಿನ ಆಘಾತದ ಕಥೆ ಪೂರ್ತಿ ಬೇರೆ. ಅಲ್ಲಿ ಗುರಿ ಏರಿಲ್ಲ, ಶಾಖ ಹೊರಹಾಕಲಾಗದೆ ಮೈ ಸೋತಿದೆ. ಅಲ್ಲಿ ಪ್ಯಾರಸಿಟಮಾಲ್ ಉಪಯೋಗಕ್ಕೆ ಬಾರದು, ತಕ್ಷಣ ತಣ್ಣೀರಿನಿಂದ ಮೈ ತಣಿಸುತ್ತ ಆಸ್ಪತ್ರೆಗೆ ಒಯ್ಯಬೇಕು. ನಿಮ್ಮ ಮಗ ನೀರು ಕುಡಿಯುತ್ತಿದ್ದಾನೆ, ನಡುನಡುವೆ ಆಡುತ್ತಾನೆ ಅಂದರೆ ಸಮಾಧಾನ ಪಟ್ಟುಕೊಳ್ಳಿ. ಮಂಕಾಗಿದ್ದರೆ, ಕುತ್ತಿಗೆ ಬಗ್ಗಿಸಲಾಗದಿದ್ದರೆ, ಉಸಿರಾಟ ಕಷ್ಟವಾದರೆ, ಫಿಟ್ಸ್ ಬಂದರೆ ಕಾಯಬೇಡಿ. ಇದನ್ನು ಓದುತ್ತಿರುವ ಬೇರೆ ತಾಯಂದಿರಿಗೆ ಒಂದು ಮಾತು: ಮೂರು ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಬಂದರೆ ಮನೆಯಲ್ಲಿ ಏನನ್ನೂ ಮಾಡುತ್ತ ಕೂರಬೇಡಿ, ಸೀದಾ ವೈದ್ಯರ ಹತ್ತಿರ ಹೋಗಿ.

ಪ್ರಶ್ನೆ: ದಿನಕ್ಕೆ 6 ಲೀಟರ್ ನೀರು ಕುಡಿದರೆ ಕಿಡ್ನಿ ತೊಳೆದು ಸ್ವಚ್ಛವಾಗುತ್ತದೆಯೇ?

ಕಿಡ್ನಿಗೆ ತೊಳೆಯುವುದನ್ನು ಹೇಳಿಕೊಡಬೇಕಾಗಿಲ್ಲ. ಎರಡೂ ಕಿಡ್ನಿ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತವೆ. ರಕ್ತದ ನೀರಿನಂಶ ಇರುವುದೇ 3 ಲೀಟರ್, ಅಂದರೆ ಅಷ್ಟನ್ನೂ ದಿನಕ್ಕೆ 60 ಸಲ ಸೋಸಿದ ಹಾಗೆ. ಅದರಲ್ಲಿ ಒಂದೂವರೆ ಲೀಟರಿನಷ್ಟು ಮೂತ್ರವಾಗಿ ಹೋಗುತ್ತದೆ, ಉಳಿದದ್ದೆಲ್ಲ ವಾಪಸು ರಕ್ತಕ್ಕೆ. ನೀವು ಕುಡಿದ ಹೆಚ್ಚುವರಿ ನೀರಿನಿಂದ ರಕ್ತ ಒಂದು ಶೇಕಡಾದಷ್ಟು ತೆಳುವಾದರೂ ಮೆದುಳಿಗೆ ತಿಳಿಯುತ್ತದೆ. ನೀರು ಹಿಡಿದಿಡುವ ಹಾರ್ಮೋನನ್ನು ಅದು ಕಡಿಮೆ ಮಾಡುತ್ತದೆ, ಒಂದು ಗಂಟೆಯೊಳಗೆ ನೀರು ಹೊರಹೋಗತೊಡಗುತ್ತದೆ. ಅಷ್ಟೇ ಆಗುವುದು. ಮೂತ್ರ ತಿಳಿಹಳದಿ ಇದ್ದರೆ ಸಾಕು. ಕಲ್ಲು ಆದವರಿಗೆ ಹೆಚ್ಚು ಕುಡಿಯಲು ವೈದ್ಯರೇ ಹೇಳುತ್ತಾರೆ, ಹೃದಯ ಅಥವಾ ಕಿಡ್ನಿ ಸೋತವರಿಗೆ ಕಡಿಮೆ ಕುಡಿಯಲು ಹೇಳುತ್ತಾರೆ. ಕಡಿಮೆ ಹೊತ್ತಿನಲ್ಲಿ ಲೀಟರುಗಟ್ಟಲೆ ಕುಡಿಯುವ ಪಂತ ಮಾತ್ರ ಯಾರೂ ಕಟ್ಟಬೇಡಿ. ಕಿಡ್ನಿ ಗಂಟೆಗೆ ಒಂದು ಲೀಟರಿಗಿಂತ ಹೆಚ್ಚು ಹೊರಹಾಕಲಾರದು. ರಕ್ತದ ಸೋಡಿಯಂ ತೆಳುವಾಗಿ ಮೆದುಳು ಊದಿಕೊಳ್ಳುತ್ತದೆ, ತಲೆಬುರುಡೆಯೊಳಗೆ ಊದಲು ಜಾಗವಿಲ್ಲ.

ಪ್ರಶ್ನೆ: ವಯಸ್ಸು 58, ಏಳು ವರ್ಷದಿಂದ ಸಕ್ಕರೆ ಕಾಯಿಲೆ. ರಾತ್ರಿ ಮಲಗುವಾಗ ಶುಗರ್ 118. ಬೆಳಗ್ಗೆ ಎದ್ದಾಗ 156. ನಡುವೆ ನೀರು ಬಿಟ್ಟರೆ ಏನೂ ಮುಟ್ಟಿಲ್ಲ. ಮನೆಯವರು ನಾನು ರಾತ್ರಿ ಎದ್ದು ಕದ್ದು ತಿನ್ನುತ್ತೇನೆ ಎಂದು ಅನುಮಾನಿಸುತ್ತಾರೆ. ಮೀಟರ್ ಕೆಟ್ಟಿದೆಯೇ?

ನಿಮ್ಮ ಪತ್ರ ಓದಿ ಬೇಜಾರಾಯಿತು. ತಿನ್ನದ ತಪ್ಪಿಗೆ ಮಾತು ಕೇಳುತ್ತಿದ್ದೀರಿ. ಸಕ್ಕರೆ ಹೊರಗಿನಿಂದಲೇ ಬರಬೇಕು ಎಂಬುದು ಮನೆಯವರ ನಂಬಿಕೆ. ಅದು ತಪ್ಪು.

5 ಲೀಟರ್ ರಕ್ತ, ಲೀಟರಿಗೆ ಹೆಚ್ಚು ಕಡಿಮೆ ಒಂದು ಗ್ರಾಂ ಗ್ಲುಕೋಸ್. ಅಂದರೆ ಆರೋಗ್ಯವಂತರ ಇಡೀ ರಕ್ತದಲ್ಲಿ ಇರುವ ಸಕ್ಕರೆ 5 ಗ್ರಾಂ, ಒಂದು ಟೀ ಚಮಚ. ಮೆದುಳೊಂದೇ ದಿನಕ್ಕೆ ಸುಮಾರು 120 ಗ್ರಾಂ ಬಳಸುತ್ತದೆ, ಗಂಟೆಗೆ 5 ಗ್ರಾಂ. ಹೊರಗಿನಿಂದ ಬಂದದ್ದಷ್ಟೇ ಲೆಕ್ಕವಾಗಿದ್ದರೆ ಊಟ ಅರಗಿ ಒಂದು ಗಂಟೆಗೆ ನಾವೆಲ್ಲ ಪ್ರಜ್ಞೆ ತಪ್ಪಬೇಕಿತ್ತು. ತಪ್ಪುವುದಿಲ್ಲ, ಏಕೆಂದರೆ ಯಕೃತ್ತು ಇಡೀ ರಾತ್ರಿ ರಕ್ತಕ್ಕೆ ಗ್ಲುಕೋಸ್ ಬಿಡುತ್ತಿರುತ್ತದೆ, ಗಂಟೆಗೆ 7-8 ಗ್ರಾಂನಷ್ಟು. ಅದರಲ್ಲಿ ಒಂದು ಪಾಲು ಅಲ್ಲೇ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟದ್ದು, ಇನ್ನೊಂದು ಪಾಲು ಆಗಲೇ ಹೊಸದಾಗಿ ತಯಾರಿಸಿದ್ದು. ಸ್ನಾಯುಗಳಲ್ಲಿ ಇನ್ನೂ ಹೆಚ್ಚು ಗ್ಲೈಕೋಜನ್ ಇದೆ, ಆದರೆ ಅದನ್ನು ರಕ್ತಕ್ಕೆ ಬಿಡಲು ಬೇಕಾದ ಕಿಣ್ವ ಅವುಗಳಲ್ಲಿಲ್ಲ. ತಮ್ಮ ಪಾಲನ್ನು ತಾವೇ ಬಳಸಿಕೊಳ್ಳುತ್ತವೆ.

ಯಕೃತ್ತು ಹೀಗೆ ಸಕ್ಕರೆ ಬಿಡುವುದನ್ನು ಕಂಡದ್ದು ಫ್ರೆಂಚ್ ವಿಜ್ಞಾನಿ ಕ್ಲಾಡ್ ಬರ್ನಾರ್ಡ್. 1855ರಲ್ಲಿ ಅವನು ಪ್ರಾಣಿಯ ಯಕೃತ್ತಿನ ರಕ್ತನಾಳಗಳ ಮೂಲಕ ನೀರು ಹರಿಸಿ, ಹೊರಬರುವ ನೀರಿನಲ್ಲಿ ಸಕ್ಕರೆ ಒಂದಿಷ್ಟೂ ಇಲ್ಲ ಎನ್ನುವ ತನಕ ತೊಳೆದ. ಆ ತೊಳೆದ ಯಕೃತ್ತನ್ನು ಹಾಗೇ ಇಟ್ಟು ಮರುದಿನ ನೋಡಿದರೆ ಅದರಲ್ಲಿ ಮತ್ತೆ ಸಕ್ಕರೆ! ಊಟವಿಲ್ಲ, ರಕ್ತವಿಲ್ಲ, ಪ್ರಾಣಿಯೇ ಇಲ್ಲ. ಎರಡು ವರ್ಷದ ನಂತರ ಅದರ ಮೂಲವಾದ ಗ್ಲೈಕೋಜನ್ನನ್ನೇ ಬೇರ್ಪಡಿಸಿ ತೋರಿಸಿದ. ಈ ಪ್ರಯೋಗವನ್ನು ಪ್ರತಿ ವರ್ಷ ಪಾಠ ಮಾಡುತ್ತೇನೆ, ಪ್ರತಿ ವರ್ಷ ಮೈ ಜುಮ್ಮೆನ್ನುತ್ತದೆ.

ಯಕೃತ್ತು ಸಕ್ಕರೆ ಸುರಿಯುವುದನ್ನು ತಡೆದು ಹಿಡಿಯುವುದು ಇನ್ಸುಲಿನ್. ಬೆಳಗಿನ ಜಾವ ದೇಹ ಏಳಲು ಸಿದ್ಧವಾಗುತ್ತದೆ. ರಾತ್ರಿ ಬೆಳವಣಿಗೆಯ ಹಾರ್ಮೋನ್ ಸುರಿದಿರುತ್ತದೆ, ಜಾವದಲ್ಲಿ ಕಾರ್ಟಿಸೋಲ್ ಏರುತ್ತದೆ, ಎರಡೂ ಸಕ್ಕರೆ ಏರಿಸುವವೇ. ಕಾಯಿಲೆ ಇಲ್ಲದವರಲ್ಲಿ ಮೇದೋಜೀರಕ ಗ್ರಂಥಿ ಸ್ವಲ್ಪ ಹೆಚ್ಚು ಇನ್ಸುಲಿನ್ ಬಿಟ್ಟು ಸರಿದೂಗಿಸುತ್ತದೆ, ಮೀಟರಿನಲ್ಲಿ ಗೊತ್ತೇ ಆಗುವುದಿಲ್ಲ. ನಿಮ್ಮಲ್ಲಿ ಆ ಸಾಮರ್ಥ್ಯ ಕುಗ್ಗಿದೆ, ಹಾಗಾಗಿ ಅಂಕಿ ಏರಿ ಕಾಣುತ್ತದೆ.

ಮೀಟರಿನ ಬಗ್ಗೆ ಹೇಳುವುದಾದರೆ, ಪ್ರಯೋಗಾಲಯದ ಅಂಕಿಗಿಂತ 15 ಶೇಕಡಾ ಆಚೀಚೆ ತೋರಿಸಲು ಅಂತಾರಾಷ್ಟ್ರೀಯ ಮಾನದಂಡವೇ ಅವಕಾಶ ಕೊಟ್ಟಿದೆ. ಒಂದು ದಿನದ ಅಂಕಿ ಹಿಡಿದು ಯಾವ ತೀರ್ಮಾನಕ್ಕೂ ಬರಬೇಡಿ, ಮಾತ್ರೆಯ ಪ್ರಮಾಣವನ್ನು ನೀವಾಗಿಯೇ ಹೆಚ್ಚಿಸಲೂ ಬೇಡಿ. ನಾಲ್ಕೈದು ದಿನ ಮಲಗುವಾಗ, ಮಧ್ಯರಾತ್ರಿ 3 ಗಂಟೆಗೆ, ಎದ್ದ ಕೂಡಲೇ, ಹೀಗೆ ಮೂರು ಹೊತ್ತು ನೋಡಿ ಬರೆದಿಡಿ. ಮೂರು ಗಂಟೆಯ ಅಂಕಿ ಮುಖ್ಯ. ಅದು ಮಲಗುವಾಗಿನಷ್ಟೇ ಇದ್ದು ಬೆಳಗ್ಗೆ ಏರಿದ್ದರೆ ನಾನು ಹೇಳಿದ ಕಾರಣವೇ ಇರಬೇಕು. 70ಕ್ಕಿಂತ ಕೆಳಗಿದ್ದರೆ ರಾತ್ರಿಯ ಔಷಧಿ ನಿಮಗೆ ಹೆಚ್ಚಾಗುತ್ತಿದೆ, ತಕ್ಷಣ ಏನಾದರೂ ಸಿಹಿ ತಿಂದು ಅಂದೇ ವೈದ್ಯರಿಗೆ ತಿಳಿಸಿ. ಆ ಮೂರು ಗಂಟೆಗೆ ಬೆರಳು ಚುಚ್ಚುವಾಗ ಮನೆಯವರನ್ನೂ ಎಬ್ಬಿಸಿ ಪಕ್ಕದಲ್ಲಿ ಕೂರಿಸಿಕೊಳ್ಳಿ.